ಬಂದ ಬೇನೆ ಹೋದದ್ದೆಲ್ಲಿಗೆ?

ದೊಡ್ಡ ಬೇನೆಯೊಂದು ನಾಡಿನ ಮೇಲೆ ಹಾದುಹೋದ ಬಳಿಕ ಜನರು ಸಾಮಾನ್ಯವಾಗಿ ಎರಡು ಮಾತುಗಳನ್ನು ಆಡುತ್ತಾರೆ. ‘ಬಂದ ಹಾಗೆಯೇ ಹೋಯಿತು’ ಎಂಬುದು ಒಂದು. ‘ಅದರ ಕಾಲ ಮುಗಿಯಿತು’ ಎಂಬುದು ಇನ್ನೊಂದು. ಈ ಎರಡು ಮಾತುಗಳಲ್ಲಿಯೂ ನೆಮ್ಮದಿಯ ನಿಟ್ಟುಸಿರಿದೆ; ಜೊತೆಗೆ ಒಂದಿಷ್ಟು ಮರೆವೂ ಇದೆ. ಬೇನೆಯೆಂಬುದು ಮೋಡದಂತೆ ತಾನೇ ತೇಲಿಬಂದು ತಾನೇ ಚದುರಿಹೋಗುತ್ತದೆ ಎಂದು ನಂಬಿದರೆ ನಾವು ಮಾಡಬೇಕಾದುದು ಏನೂ ಉಳಿಯುವುದಿಲ್ಲ. ನಿಜವಾಗಿಯೂ ಮಹಾಮಾರಿಗಳು ತಾವಾಗಿಯೇ ಹೋಗುತ್ತವೆಯೇ? ಹೋದರೆ ಎಲ್ಲಿಗೆ ಹೋಗುತ್ತವೆ? ಪ್ರಿಯ ಓದುಗರೇ, ಈ ಪ್ರಶ್ನೆಯನ್ನು ದೂರದ ದೇಶಗಳಿಂದ ಆರಂಭಿಸದೆ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮಣ್ಣಿನಲ್ಲಿ ನಿಂತು ಕೇಳಿಕೊಳ್ಳೋಣ.

ಮೂರು ಆಡಳಿತಗಳ ಗಡಿಯಲ್ಲಿ

ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುನ್ನ ಈ ನಾಲ್ಕು ತಾಲ್ಲೂಕುಗಳು ರಾಯಚೂರು ಜಿಲ್ಲೆಯ ಭಾಗವಾಗಿದ್ದವು. ಇನ್ನೂ ಹಿಂದಕ್ಕೆ, 1918ರ ಹೊತ್ತಿಗೆ ಹೋದರೆ, ಈ ಸೀಮೆಯು ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು; ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಪಶ್ಚಿಮಕ್ಕೆ ಗದಗು, ರೋಣಗಳ ಕಡೆ ನಡೆದರೆ ಮುಂಬಯಿ ಪ್ರಾಂತ್ಯ. ದಕ್ಷಿಣಕ್ಕೆ ತುಂಗಭದ್ರೆಯನ್ನು ದಾಟಿದರೆ ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಆಡಳಿತಗಳು ಮೂರಾಗಿದ್ದರೂ ಸಂತೆ, ಜಾತ್ರೆ, ನೆಂಟಸ್ತಿಕೆ ಒಂದೇ ಆಗಿದ್ದವು. ಬೇನೆಗಂತೂ ಗಡಿಯ ಗುರುತೇ ಇರಲಿಲ್ಲ.

ಈ ನಾಲ್ಕು ಊರುಗಳಲ್ಲಿ ಆಗ ರೈಲು ಕಂಡಿದ್ದುದು ಕೊಪ್ಪಳ ಒಂದೇ. ಹುಬ್ಬಳ್ಳಿಯಿಂದ ಗದಗು, ಕೊಪ್ಪಳ, ಹೊಸಪೇಟೆಗಳ ಮೂಲಕ ಗುಂತಕಲ್ಲಿಗೆ ಹೋಗುವ ಹಳಿಯು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಬಂದಿತ್ತು. ಉಳಿದ ಮೂರು ಊರುಗಳಿಗೆ ಚಕ್ಕಡಿಯ ದಾರಿಯೇ ಗತಿ. ಕುಷ್ಟಗಿಗೆ ಮೊದಲ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ. ಆದರೆ ಬೇನೆ ಅಷ್ಟು ಕಾಲ ಕಾಯಲಿಲ್ಲ. ಅದು ಹಳಿಯ ಮೇಲೆ ಬಂದು ಚಕ್ಕಡಿಯಲ್ಲಿ ಮುಂದುವರಿಯಿತು.

1918: ಬರ ಮತ್ತು ಜ್ವರ

ಮೊದಲ ಮಹಾಯುದ್ಧದ ಕೊನೆಯ ವರ್ಷ. 1918ರ ಜೂನ್ ತಿಂಗಳಲ್ಲಿ ಮುಂಬಯಿ ಬಂದರಿನಲ್ಲಿ ಇನ್‌ಫ್ಲುಯೆಂಜಾ ಜ್ವರ ಕಾಣಿಸಿಕೊಂಡಿತು. ಆ ಮೊದಲ ಅಲೆ ಅಷ್ಟೇನೂ ಉಗ್ರವಾಗಿರಲಿಲ್ಲ. ಸೆಪ್ಟೆಂಬರಿನಲ್ಲಿ ಎದ್ದ ಎರಡನೆಯ ಅಲೆಯೇ ಮಾರಕವಾದದ್ದು. ರೈಲುಮಾರ್ಗಗಳನ್ನು ಹಿಡಿದು ಕೆಲವೇ ವಾರಗಳಲ್ಲಿ ಅದು ದಖ್ಖನಿನ ಒಳನಾಡನ್ನು ಆವರಿಸಿತು. ಮರಾಠಿ ಸೀಮೆಯ ಜನ ಇದನ್ನು ‘ಮಾನಮೋಡಿ’, ಅಂದರೆ ಕತ್ತು ಮುರಿಯುವ ಬೇನೆ, ಎಂದು ಕರೆದರು.

ಈ ಜ್ವರಕ್ಕೆ ಒಂದು ವಿಚಿತ್ರ ಗುಣವಿತ್ತು. ಸಾಮಾನ್ಯ ಶೀತಜ್ವರಗಳು ಹಸುಗೂಸುಗಳನ್ನೂ ಮುದುಕರನ್ನೂ ಹೆಚ್ಚಾಗಿ ಕಾಡಿದರೆ, ಇದು ಇಪ್ಪತ್ತರಿಂದ ನಲವತ್ತು ವರ್ಷದ ದುಡಿಯುವ ಪ್ರಾಯದವರನ್ನೇ ಹೆಚ್ಚಾಗಿ ಬಲಿ ತೆಗೆದುಕೊಂಡಿತು. ಭಾರತದಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚಾಗಿ ಸತ್ತರು. ಮನೆಯವರೆಲ್ಲ ಹಾಸಿಗೆ ಹಿಡಿದಾಗ ಅರೆಹೊಟ್ಟೆಯಲ್ಲಿ ಆರೈಕೆಗೆ ನಿಂತವರು ಅವರೇ ಅಲ್ಲವೇ? ಅದೇ ವರ್ಷ ಮುಂಗಾರು ಕೈಕೊಟ್ಟಿತ್ತು. ಯುದ್ಧದ ಕಾರಣದಿಂದ ಮೊದಲೇ ಏರಿದ್ದ ಕಾಳಿನ ಬೆಲೆ ಇನ್ನಷ್ಟು ಏರಿತು. ಎರಡನೆಯ ಅಲೆ ಬಂದ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳು ನಮ್ಮ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ಬಿತ್ತುವ ದಿನಗಳೆಂಬುದನ್ನು ಕುಷ್ಟಗಿ, ಯಲಬುರ್ಗಾ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೂರಿಗೆ ಹಿಡಿಯುವ ಕೈಗಳೇ ಜ್ವರದಲ್ಲಿ ಬಿದ್ದರೆ ಮುಂದಿನ ವರ್ಷದ ಅನ್ನದ ಪಾಡೇನು?

ಎಷ್ಟು ಜನ ಸತ್ತರು? ಆಗಿನ ಸರ್ಕಾರ ಮೊದಲು ಇಡೀ ಭಾರತಕ್ಕೆ ಸುಮಾರು 60 ಲಕ್ಷ ಎಂದು ಅಂದಾಜು ಮಾಡಿತು. ಮುಂದೆ ಜನಗಣತಿಯ ಲೆಕ್ಕವನ್ನು ಪರಿಶೀಲಿಸಿದ ವಿದ್ವಾಂಸರು ಆ ಸಂಖ್ಯೆಯನ್ನು 1.2 ಕೋಟಿಯಿಂದ 1.8 ಕೋಟಿಯವರೆಗೆ ಏರಿಸಿದರು. ನಮ್ಮ ಸೀಮೆಯ ಮಟ್ಟಿಗೆ ಜನಗಣತಿಯೇ ದೊಡ್ಡ ಸಾಕ್ಷಿ. 1911ರಲ್ಲಿ ಹೈದರಾಬಾದ್ ಸಂಸ್ಥಾನದ ಜನಸಂಖ್ಯೆ 1 ಕೋಟಿ 33 ಲಕ್ಷ 74 ಸಾವಿರಕ್ಕೂ ಹೆಚ್ಚಿತ್ತು. 1921ರಲ್ಲಿ ಅದು 1 ಕೋಟಿ 24 ಲಕ್ಷ 71 ಸಾವಿರಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ನಾಡು ಒಂಬತ್ತು ಲಕ್ಷ ಜನರನ್ನು ಕಳೆದುಕೊಂಡಿತ್ತು. ಇದರಲ್ಲಿ ಬರ ಮತ್ತು ಪ್ಲೇಗುಗಳ ಪಾಲೂ ಇದೆ. ಆದರೆ ದೊಡ್ಡ ಪಾಲು ಆ ಜ್ವರದ್ದೇ. ಇಡೀ ಭಾರತದ ಜನಗಣತಿಯ ಇತಿಹಾಸದಲ್ಲಿ ಒಂದು ದಶಕದ ಕೊನೆಗೆ ಜನಸಂಖ್ಯೆ ಇಳಿದದ್ದು ಅದೊಂದೇ ಬಾರಿ. ಜನಸಂಖ್ಯಾ ಶಾಸ್ತ್ರಜ್ಞರು 1921ನ್ನು ‘ಮಹಾ ವಿಭಜನೆಯ ವರ್ಷ’ ಎಂದು ಕರೆಯುವುದು ಇದೇ ಕಾರಣದಿಂದ.

ಇಳಿಕೆಯ ಒಳಗುಟ್ಟು

ಇಷ್ಟು ಉಗ್ರವಾದ ಬೇನೆ 1919ರ ಆರಂಭದಲ್ಲಿ ಇನ್ನೊಮ್ಮೆ ತಲೆಯೆತ್ತಿ, ಬಳಿಕ ಇಳಿಯುತ್ತ ಹೋಯಿತು. ಆಗ ಅದಕ್ಕೆ ಲಸಿಕೆಯಿರಲಿಲ್ಲ, ಔಷಧವಿರಲಿಲ್ಲ. ಅದು ವೈರಾಣುವಿನಿಂದ ಬರುತ್ತದೆ ಎಂಬುದೇ ತಿಳಿದಿರಲಿಲ್ಲ. ಮನುಷ್ಯನ ಇನ್‌ಫ್ಲುಯೆಂಜಾ ವೈರಾಣುವನ್ನು ವಿಜ್ಞಾನಿಗಳು ಪ್ರತ್ಯೇಕಿಸಿದ್ದು 1933ರಲ್ಲಿ. ಹಾಗಾದರೆ ಬೇನೆಯನ್ನು ಇಳಿಸಿದವರು ಯಾರು?

ಒಂದು ಊರಿನ ಉದಾಹರಣೆಯನ್ನು ಕಲ್ಪಿಸಿಕೊಳ್ಳಿ. ಬೇನೆ ಹೊಸದು, ಊರಿನಲ್ಲಿ ಯಾರ ಮೈಗೂ ಅದರ ಪರಿಚಯವಿಲ್ಲ. ಒಬ್ಬ ರೋಗಿ ಇಬ್ಬರಿಗೆ ಅಂಟಿಸುತ್ತಾನೆ. ಆ ಇಬ್ಬರು ನಾಲ್ವರಿಗೆ. ನಾಲ್ವರು ಎಂಟು ಜನರಿಗೆ. ಹೀಗೆ ಅರ್ಧ ಊರಿಗೆ ಬೇನೆ ಬಂದು ಹೋದ ಮೇಲೆ ಪರಿಸ್ಥಿತಿ ಬದಲಾಗುತ್ತದೆ. ಈಗಲೂ ರೋಗಿ ಇಬ್ಬರ ಹತ್ತಿರ ಹೋಗುತ್ತಾನೆ. ಆದರೆ ಅವರಲ್ಲಿ ಒಬ್ಬರಿಗೆ ಈಗಾಗಲೇ ಬೇನೆ ಬಂದುಹೋಗಿ ಮೈಯಲ್ಲಿ ನಿರೋಧಕ ಶಕ್ತಿ ಮೂಡಿರುತ್ತದೆ. ಇಬ್ಬರಿಗೆ ಅಂಟುತ್ತಿದ್ದುದು ಒಬ್ಬರಿಗೆ ಅಂಟುತ್ತದೆ. ಮುಂದೆ ಒಬ್ಬರಿಗೂ ಅಂಟದಂತಾಗುತ್ತದೆ. ಒಣಹುಲ್ಲು ಉರಿದು ಮುಗಿದ ಮೇಲೆ ಬೆಂಕಿ ತಾನಾಗಿ ಆರುವಂತೆ ಬೇನೆ ಆರುತ್ತದೆ. ಆದರೆ ಇಲ್ಲಿ ಉರಿದದ್ದು ಹುಲ್ಲಲ್ಲ, ಮನುಷ್ಯರು. ‘ತಾನಾಗಿ ಹೋಯಿತು’ ಎಂಬ ಮಾತಿನ ಹಿಂದೆ ಈ ಲೆಕ್ಕವಿದೆ. ಬದುಕಿ ಉಳಿದವರ ನಿರೋಧಕ ಶಕ್ತಿಯೂ ಸತ್ತವರ ಸಾವೂ ಕೂಡಿಯೇ ಆ ಇಳಿಕೆಯ ಬೆಲೆಯನ್ನು ತೆತ್ತಿವೆ.

ಇನ್ನು ವೈರಾಣುವಾದರೂ ನಾಶವಾಯಿತೇ? ಅದೂ ಇಲ್ಲ. 1918ರ ವೈರಾಣುವಿನ ಸಂತತಿ ರೂಪ ಬದಲಿಸುತ್ತ, ಪ್ರತಿ ವರ್ಷದ ಸಾಧಾರಣ ಶೀತಜ್ವರವಾಗಿ ಸುಮಾರು 40 ವರ್ಷ ನಮ್ಮ ನಡುವೆಯೇ ಸುಳಿದಾಡಿತು. 1957ರಲ್ಲಿ ‘ಏಷ್ಯನ್ ಫ್ಲೂ’ ಎಂಬ ಹೊಸ ತಳಿ ಬಂದು ಅದನ್ನು ಹಿಂದೆ ತಳ್ಳಿತು. 1968ರಲ್ಲಿ ‘ಹಾಂಕಾಂಗ್ ಫ್ಲೂ’ ಬಂದು ಏಷ್ಯನ್ ಫ್ಲೂವನ್ನು ತಳ್ಳಿತು. 1977ರಲ್ಲಿ ಹಳೆಯ ಎಚ್1ಎನ್1 ತಳಿ ಮತ್ತೆ ಕಾಣಿಸಿಕೊಂಡಿತು. 2009ರಲ್ಲಿ ಅದೇ ಹೆಸರಿನ ಹೊಸ ರೂಪವೊಂದು ಮೆಕ್ಸಿಕೊದ ಕಡೆಯಿಂದ ಎದ್ದಿತು. ಭಾರತದ ಮೊದಲ ರೋಗಿ ಆ ವರ್ಷದ ಮೇ ತಿಂಗಳಲ್ಲಿ ಪತ್ತೆಯಾದದ್ದು ನಮ್ಮ ಹಳೆಯ ರಾಜಧಾನಿಯಾದ ಹೈದರಾಬಾದಿನಲ್ಲಿ. 2010ರ ಆಗಸ್ಟ್ 10ರಂದು ವಿಶ್ವ ಆರೋಗ್ಯ ಸಂಸ್ಥೆಯು ಆ ಮಹಾಮಾರಿ ಮುಗಿಯಿತೆಂದು ಸಾರಿತು. ಆದರೆ 2015ರಲ್ಲಿ ಅದೇ ಜ್ವರ ಭಾರತದಲ್ಲಿ 42 ಸಾವಿರಕ್ಕೂ ಹೆಚ್ಚು ಜನರನ್ನು ತಗುಲಿ, ಮೂರು ಸಾವಿರದ ಸಮೀಪ ಜೀವಗಳನ್ನು ಕೊಂಡೊಯ್ದಿತು. ‘ಮುಗಿಯಿತು’ ಎಂದರೆ ‘ಇಲ್ಲವಾಯಿತು’ ಎಂದಲ್ಲ. ಮಹಾಮಾರಿ ಮನೆಯ ಬೇನೆಯಾಯಿತು ಎಂದಷ್ಟೇ ಅರ್ಥ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. 2008ರಲ್ಲಿ ಅಮೆರಿಕದ ವಿಜ್ಞಾನಿಗಳು 1915ರಲ್ಲಿ ಅಥವಾ ಅದಕ್ಕೂ ಮುಂಚೆ ಹುಟ್ಟಿದ್ದ 32 ಮಂದಿ ವೃದ್ಧರ ರಕ್ತವನ್ನು ಪರೀಕ್ಷಿಸಿದರು. ಆ ಎಲ್ಲರ ರಕ್ತದಲ್ಲಿಯೂ 1918ರ ವೈರಾಣುವನ್ನು ಗುರುತಿಸುವ ಶಕ್ತಿ ಇನ್ನೂ ಉಳಿದಿತ್ತು. ತೊಂಬತ್ತು ವರ್ಷಗಳ ಹಿಂದೆ ತೊಟ್ಟಿಲಲ್ಲಿಯೋ ಅಂಗಳದಲ್ಲಿಯೋ ತಗುಲಿದ ಬೇನೆಯನ್ನು ಅವರ ಮೈ ಮರೆತಿರಲಿಲ್ಲ. ನಾಡಾದರೋ ಬಹಳ ಬೇಗ ಮರೆಯಿತು.

ಎಲ್ಲ ಬೇನೆಯೂ ಮೆತ್ತಗಾಗುವುದಿಲ್ಲ

‘ವೈರಾಣು ಕಾಲಕ್ರಮದಲ್ಲಿ ತಾನೇ ಸೌಮ್ಯವಾಗುತ್ತದೆ’ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಅರ್ಧ ಸತ್ಯ ಮಾತ್ರ. 1950ರಲ್ಲಿ ಆಸ್ಟ್ರೇಲಿಯದಲ್ಲಿ ಬೆಳೆ ತಿನ್ನುವ ಮೊಲಗಳನ್ನು ಕೊಲ್ಲಲೆಂದು ಮಿಕ್ಸೋಮಾ ಎಂಬ ವೈರಾಣುವನ್ನು ಬಿಡಲಾಯಿತು. ಮೊದಮೊದಲು ತಗುಲಿದ ನೂರರಲ್ಲಿ 99 ಮೊಲಗಳು ಸತ್ತವು. ಕೆಲವೇ ವರ್ಷಗಳಲ್ಲಿ ವೈರಾಣುವಿನ ಬಲ ತಗ್ಗಿತು; ಮೊಲಗಳ ಸಹಿಷ್ಣುತೆಯೂ ಬೆಳೆಯಿತು. ಆದರೆ ಅದು ಪೂರ್ಣವಾಗಿ ಸೌಮ್ಯವಾಗಲಿಲ್ಲ. ಮೊಲಗಳ ನಿರೋಧಕ ಶಕ್ತಿ ಹೆಚ್ಚಿದಂತೆ ಮುಂದಿನ ತಳಿಗಳು ಮತ್ತೆ ಬಲಗೊಂಡವು. ವೈರಾಣುವಿಗೆ ಕರುಣೆಯೂ ಇಲ್ಲ, ಕ್ರೌರ್ಯವೂ ಇಲ್ಲ. ಹರಡುವುದೊಂದೇ ಅದಕ್ಕೆ ಗೊತ್ತು.

ಸಿಡುಬನ್ನು ನೋಡಿ. ಸಾವಿರಾರು ವರ್ಷ ಮನುಷ್ಯರ ಜೊತೆಯಲ್ಲಿದ್ದರೂ ಅದರ ಉಗ್ರ ರೂಪ ಮೆತ್ತಗಾಗಲಿಲ್ಲ. ತಗುಲಿದ ಪ್ರತಿ ಹತ್ತು ಜನರಲ್ಲಿ ಸುಮಾರು ಮೂವರನ್ನು ಕೊಲ್ಲುತ್ತಲೇ ಬಂತು. ನಮ್ಮ ಹಿರಿಯರು ಅದನ್ನು ‘ಅಮ್ಮ’ ಎಂದು ಕರೆದು ಶಾಂತಿ ಬೇಡಿದರು. ಅದು ಹೋದದ್ದು ತಾನಾಗಿ ಅಲ್ಲ. 1802ರಲ್ಲಿ ಮುಂಬಯಿಯಲ್ಲಿ ಮೂರು ವರ್ಷದ ಹೆಣ್ಣುಮಗು ಆನ್ ಡಸ್ಟ್‌ಹಾಲ್ ಭಾರತದ ಮೊದಲ ಲಸಿಕೆ ಪಡೆದಂದಿನಿಂದ, 1962ರ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮದವರೆಗೆ, ಅಲ್ಲಿಂದ 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ರೋಗಿ ಪತ್ತೆಯಾಗುವವರೆಗೆ, ಲಸಿಕೆಯ ಪೆಟ್ಟಿಗೆ ಹೊತ್ತು ಹಳ್ಳಿ ಹಳ್ಳಿ ನಡೆದ ಕಾಲುಗಳು ಅದನ್ನು ಓಡಿಸಿದವು. 1980ರ ಮೇ 8ರಂದು ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಭೆ ಸಾರಿತು. ಆ ನಿರ್ಮೂಲನವನ್ನು ಪರಿಶೀಲಿಸಿ ದೃಢಪಡಿಸಿದ ಆಯೋಗದ ಅಧ್ಯಕ್ಷರಾಗಿದ್ದ ಫ್ರಾಂಕ್ ಫೆನ್ನರ್ ಅವರೇ ಆಸ್ಟ್ರೇಲಿಯದ ಮೊಲಗಳ ಬೇನೆಯನ್ನೂ ಅಧ್ಯಯನ ಮಾಡಿದ್ದವರು. ತೋಳಿನ ಮೇಲೆ ಆ ಲಸಿಕೆಯ ಗುರುತು ಹೊತ್ತ ಹಿರಿಯರು ನಿಮ್ಮ ಮನೆಯಲ್ಲಿ ಈಗಲೂ ಇರಬಹುದು.

ಕಣ್ಮರೆಯಾಗಿ ಮರಳಿದ್ದು

ಮರಳಿ ಬರುವ ಬೇನೆಯ ಉದಾಹರಣೆಗೆ ನಾವು ದೂರ ಹೋಗಬೇಕಾಗಿಲ್ಲ. 2006ರ ಚಿಕುನ್‌ಗುನ್ಯಾ ನಿಮ್ಮಲ್ಲಿ ಅನೇಕರಿಗೆ ನೆನಪಿರುತ್ತದೆ. ಜ್ವರ ಇಳಿದರೂ ಕೀಲುಗಳು ಬಿಡದೆ, ತಿಂಗಳುಗಟ್ಟಲೆ ಗೋಡೆ ಹಿಡಿದು ನಡೆದವರ ಸಂಖ್ಯೆ ಸಣ್ಣದಲ್ಲ. ಈ ಬೇನೆ ಭಾರತಕ್ಕೆ ಹೊಸದಾಗಿರಲಿಲ್ಲ. 1963ರಲ್ಲಿ ಕಲ್ಕತ್ತೆಯಲ್ಲಿ, 1964ರಲ್ಲಿ ಮದ್ರಾಸಿನಲ್ಲಿ, 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಅದು ಕಾಣಿಸಿಕೊಂಡಿತ್ತು. ಬಳಿಕ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದರ ಸುದ್ದಿಯೇ ಇರಲಿಲ್ಲ. ಆ ಅವಧಿಯಲ್ಲಿ ಅದನ್ನು ಕಂಡರಿಯದ ಒಂದು ತಲೆಮಾರು ಬೆಳೆದು ನಿಂತಿತು. 2005ರ ಕೊನೆಗೆ ಆಫ್ರಿಕಾ ಮೂಲದ ಬೇರೊಂದು ತಳಿ ಹಿಂದೂ ಮಹಾಸಾಗರದ ದ್ವೀಪಗಳನ್ನು ಹಾದು ಬಂದಾಗ ಇಡೀ ನಾಡು ಅದಕ್ಕೆ ತೆರೆದ ಬಾಗಿಲಾಗಿತ್ತು. 2006ರಲ್ಲಿ ದೇಶದಲ್ಲಿ ಸುಮಾರು 13.9 ಲಕ್ಷ ಜನರಿಗೆ ಈ ಬೇನೆ ತಗುಲಿರಬಹುದೆಂದು ದಾಖಲಾಯಿತು. ಅದರಲ್ಲಿ ಅರ್ಧಕ್ಕೂ ಹೆಚ್ಚು ಕರ್ನಾಟಕದವರು. ಮರುವರ್ಷ ದೇಶದ ಲೆಕ್ಕ 60 ಸಾವಿರದ ಆಸುಪಾಸಿಗೆ ಕುಸಿಯಿತು. ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬಾರದ ಬೇನೆಯದು. ಅದು ಊರುಗಳನ್ನು ಸುತ್ತಿ ಮುಗಿಸಿತ್ತು.

ಅದನ್ನು ಹರಡಿದ್ದು ಹಗಲು ಕಚ್ಚುವ ಈಡಿಸ್ ಸೊಳ್ಳೆ. ಸ್ವಚ್ಛವಾದ ನಿಂತ ನೀರೇ ಅದರ ತವರು. ನಲ್ಲಿಗೆ ನೀರು ಎಂಟು ದಿನಕ್ಕೊಮ್ಮೆ ಬರುವ ಊರಿನಲ್ಲಿ ಡ್ರಮ್ಮು, ಹಂಡೆ, ತೊಟ್ಟಿಗಳಲ್ಲಿ ನೀರು ತುಂಬಿಡದೆ ಸಂಸಾರ ಸಾಗುವುದೆಂತು? ಬರದ ಸೀಮೆಯ ಬಡತನವೇ ಸೊಳ್ಳೆಗೆ ಆಸರೆಯಾಯಿತು. ಅತ್ತ ಗಂಗಾವತಿಯ ಕಡೆ ಕಥೆ ಬೇರೆ. ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆ ಆ ಸೀಮೆಯನ್ನು ಭತ್ತದ ಕಣಜವನ್ನಾಗಿ ಮಾಡಿತು. ಗದ್ದೆಯ ನಿಂತ ನೀರು ಮೆದುಳು ಜ್ವರದ ಸೊಳ್ಳೆಗೂ ಎಡೆಮಾಡಿತು. ಆ ವೈರಾಣು ಹಂದಿ ಮತ್ತು ಬಕಪಕ್ಷಿಗಳಲ್ಲಿ ನೆಲೆಸುತ್ತದೆ. ಆದ್ದರಿಂದ ಮನುಷ್ಯರಲ್ಲಿ ಎಷ್ಟೇ ನಿರೋಧಕ ಶಕ್ತಿ ಬೆಳೆದರೂ ಅದು ಆರುವುದಿಲ್ಲ. ಅಲ್ಲಿ ಮಕ್ಕಳ ಲಸಿಕೆಯೇ ಗುರಾಣಿ. ಒಂದೇ ಜಿಲ್ಲೆಯೊಳಗೆ ನೀರಿಲ್ಲದ ಕಡೆ ಒಂದು ಬೇನೆ, ನೀರು ನಿಂತ ಕಡೆ ಇನ್ನೊಂದು ಬೇನೆ!

ಕೋವಿಡ್: ಹಳೆಯ ಲೆಕ್ಕ, ಹೊಸ ಬೆಲೆ

2020ರ ಮಾರ್ಚಿನಲ್ಲಿ ಭಾರತದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ನಮ್ಮದೇ ನೆರೆಯ ಕಲಬುರಗಿಯಲ್ಲಿ. ಆದರೂ ಏಪ್ರಿಲ್ ಕೊನೆಯಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಪಟ್ಟಿಯಲ್ಲಿ ಕೊಪ್ಪಳ ಜಿಲ್ಲೆ ಹಸಿರು ವಲಯದಲ್ಲಿತ್ತು. ಗುಳೆ ಹೋದವರು ಮರಳತೊಡಗಿದ ಮೇ ತಿಂಗಳಲ್ಲಿ ಆ ಹಸಿರು ಮಾಸಿತು. ಅವರನ್ನು ದೂರುವಂತಿಲ್ಲ. ದುಡಿಮೆ ನಿಂತ ಊರಿನಲ್ಲಿ ಹಸಿದು ಕೂರುವುದಕ್ಕಿಂತ ಹುಟ್ಟಿದ ಮನೆಯ ಗಂಜಿ ಮೇಲೆಂದು ಬಂದವರು ಅವರು. 1918ರಲ್ಲಿ ರೈಲು ತಂದದ್ದನ್ನು ಈಗ ಬಸ್ಸು, ಲಾರಿಗಳು ತಂದವು.

2021ರ ಏಪ್ರಿಲ್, ಮೇ ತಿಂಗಳುಗಳನ್ನು ವಿವರಿಸುವ ಅಗತ್ಯವಿಲ್ಲ. ಆಮ್ಲಜನಕ ಎಂಬ ಪಾಠಪುಸ್ತಕದ ಪದ ಹಳ್ಳಿಯ ಕಟ್ಟೆಯ ಮಾತಾಯಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಅದು ಟ್ಯಾಂಕರುಗಳಲ್ಲಿ ಆಸ್ಪತ್ರೆಗಳಿಗೆ ಹರಿಯಿತು. ಕೊಪ್ಪಳದ ಗವಿಮಠ ರೋಗಿಗಳ ಆರೈಕೆಗೆ ತನ್ನ ಬಾಗಿಲು ತೆರೆಯಿತು. ಆ ಅಲೆ ಇಳಿದ ಜೂನ್, ಜುಲೈ ತಿಂಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ನೂರಕ್ಕೆ 67ಕ್ಕೂ ಹೆಚ್ಚು ಜನರ ರಕ್ತದಲ್ಲಿ ಪ್ರತಿಕಾಯಗಳು ಕಂಡುಬಂದವು. ಅಕ್ಟೋಬರ್ 21ರ ಹೊತ್ತಿಗೆ ದೇಶದಲ್ಲಿ ನೂರು ಕೋಟಿ ಲಸಿಕೆಗಳನ್ನು ಹಾಕಲಾಗಿತ್ತು. ಹೀಗಾಗಿ 2022ರ ಜನವರಿಯಲ್ಲಿ ಓಮಿಕ್ರಾನ್ ಬಂದಾಗ ಸೋಂಕು ಬಿರುಗಾಳಿಯಂತೆ ಹರಡಿದರೂ ಸಾವು ಆ ಪ್ರಮಾಣದಲ್ಲಿ ಏರಲಿಲ್ಲ.

‘ನೋಡಿ, ವೈರಾಣು ತಾನೇ ಮೆತ್ತಗಾಯಿತು’ ಎಂದು ಆಗ ಅನೇಕರು ಹೇಳಿದರು. ಹಾಂಕಾಂಗ್ ಅದಕ್ಕೆ ಉತ್ತರ ಕೊಟ್ಟಿತು. ಹಿಂದಿನ ಅಲೆಗಳನ್ನು ಹೊರಗೇ ತಡೆದಿದ್ದ ಆ ನಗರದಲ್ಲಿ ವೃದ್ಧರು ದೊಡ್ಡ ಸಂಖ್ಯೆಯಲ್ಲಿ ಲಸಿಕೆಯಿಂದ ದೂರ ಉಳಿದಿದ್ದರು. 2022ರ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಅದೇ ಓಮಿಕ್ರಾನ್ ಅಲ್ಲಿ ಜಗತ್ತಿನಲ್ಲಿಯೇ ಅತಿ ಹೆಚ್ಚಿನ ಸಾವಿನ ಪ್ರಮಾಣಗಳಲ್ಲೊಂದನ್ನು ತಂದಿತು. ವೈರಾಣುವಿನ ಗುಣ ಒಂದಿಷ್ಟು ಬದಲಾಗಿದ್ದುದು ನಿಜ. ಆದರೆ ಹೆಚ್ಚಾಗಿ ಬದಲಾಗಿದ್ದುದು ಅದನ್ನು ಎದುರಿಸುವ ಮೈ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿಯನ್ನು ಹಿಂತೆಗೆದುಕೊಂಡಿತು. ಕೊನೆಗೊಂಡದ್ದು ತುರ್ತುಸ್ಥಿತಿ, ಬೇನೆಯಲ್ಲ.

ಬೆಲೆಯನ್ನು ಯಾವುದರಲ್ಲಿ ತೆರಬೇಕು?

ಇಷ್ಟು ಹೇಳಿದುದರ ಸಾರ ಇದು: ಮಹಾಮಾರಿಯ ಇಳಿಕೆ ಎಂದಿಗೂ ಪುಕ್ಕಟೆಯಲ್ಲ. ಜನಸಮುದಾಯದ ಮೈ ಬೇನೆಯನ್ನು ಗುರುತಿಸಲು ಕಲಿಯಲೇಬೇಕು. ಆ ಕಲಿಕೆ ಬೇನೆಯಿಂದಲೇ ಬರಬಹುದು, ಲಸಿಕೆಯಿಂದಲೂ ಬರಬಹುದು. 1918ರಲ್ಲಿ ನಮ್ಮ ಹಿರಿಯರಿಗೆ ಆಯ್ಕೆಯೇ ಇರಲಿಲ್ಲ. ಅವರು ಜೀವಗಳಲ್ಲಿ ಬೆಲೆ ತೆತ್ತರು. ನಮಗೆ ಆಯ್ಕೆಯಿದೆ. ಲಸಿಕೆ, ಶುದ್ಧ ನೀರು, ಹೊಟ್ಟೆಗೆ ಅನ್ನ, ಹತ್ತಿರದಲ್ಲೊಂದು ಆಸ್ಪತ್ರೆ, ಹಾಸಿಗೆ ಹಿಡಿದವರ ಬಾಯಿಗೆ ಗಂಜಿ ಹಾಕುವ ನೆರೆಯವರು: ಇವು ಆ ಬೆಲೆಯನ್ನು ಜೀವದ ಬದಲು ದುಡಿಮೆಯಲ್ಲಿ, ಕಾಳಜಿಯಲ್ಲಿ ತೆರುವ ಮಾರ್ಗಗಳು. ಎಲ್ಲಿ ಇವು ಇಲ್ಲವೋ ಅಲ್ಲಿ ಹಳೆಯ ಲೆಕ್ಕವೇ ನಡೆಯುತ್ತದೆ; ಮೊದಲು ಬಡವರ ಮನೆಯಲ್ಲಿ ನಡೆಯುತ್ತದೆ.

ಇನ್ನೊಂದು ಕರ್ತವ್ಯವೂ ಇದೆ. 1918ರ ಸಾವಿನ ಅಂದಾಜು ಮೊದಲು 60 ಲಕ್ಷವಿದ್ದುದು ಬಳಿಕ ಎರಡು ಮೂರು ಪಟ್ಟು ಬೆಳೆಯಿತು. ಕೋವಿಡ್‌ನಲ್ಲಿಯೂ ಭಾರತದ ಅಧಿಕೃತ ಲೆಕ್ಕ ಸುಮಾರು 5.3 ಲಕ್ಷವಾದರೆ, 2020 ಮತ್ತು 2021ರ ಹೆಚ್ಚುವರಿ ಸಾವುಗಳನ್ನು ವಿಶ್ವ ಆರೋಗ್ಯ ಸಂಸ್ಥೆ 47 ಲಕ್ಷವೆಂದು ಅಂದಾಜಿಸಿತು. ಭಾರತ ಸರ್ಕಾರ ಅದನ್ನು ಒಪ್ಪಲಿಲ್ಲ. ಈ ಸಂಖ್ಯೆಗಳ ನಡುವಿನ ಅಂತರದಲ್ಲಿ ಹೆಸರಿಲ್ಲದೆ ಹೋದವರಿದ್ದಾರೆ. ಅವರನ್ನು ಲೆಕ್ಕಕ್ಕೆ ಸೇರಿಸುವುದು ಸರ್ಕಾರದ ಕೆಲಸ ಮಾತ್ರವಲ್ಲ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಆ ಎರಡು ವರ್ಷಗಳಲ್ಲಿ ತೀರಿಹೋದವರ ಹೆಸರು, ವಯಸ್ಸು, ತಿಂಗಳುಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಹಳೆಯ ಧರ್ಮಕೇಂದ್ರಗಳ ಮರಣ ದಾಖಲೆಯ ಪುಸ್ತಕಗಳಿದ್ದರೆ ಗೆದ್ದಲು ಹಿಡಿಯದಂತೆ ಕಾಪಾಡಿ. ಹಾಸಿಗೆ ಹಿಡಿದ ಅಜ್ಜ ಅಜ್ಜಿಯರಿದ್ದರೆ ಅವರ ಹಿರಿಯರು ಹೇಳುತ್ತಿದ್ದ ಬೇನೆಯ ಮಾತನ್ನು ಕೇಳಿ ಬರೆದುಕೊಳ್ಳಿ. ಇನ್ನೊಂದು ಬೇನೆ ಎಂದು ಬರುತ್ತದೆಂದು ಯಾರೂ ಹೇಳಲಾರರು. ಬಂದಾಗ ಅದನ್ನು ಕಂಡರಿಯದ ಮಕ್ಕಳು ನಮ್ಮ ಅಂಗಳದಲ್ಲಿ ಆಡುತ್ತಿರುತ್ತಾರೆ. ಅವರ ಕೈಗೆ ನಾವು ಕೊಡಬೇಕಾದದ್ದು ಲಸಿಕೆಯ ಚೀಟಿ ಮತ್ತು ಆ ಹಾಳೆ.